ಚುಕ್ಕಿಯೊಳಗಿನ ಅಂಕಿ

೬ ಜೂನ್ ೨೦೨೪, ಅಕ್ಕಿಆಲೂರು

ಹುಲಗೇಶ ನಪಾಸಾಗಿ ಬಂದ. ಗಾಡಿ ಓಡಿಸುವುದರಲ್ಲಿ ಅಲ್ಲ, ಕಣ್ಣಿನಲ್ಲಿ. ಬಸ್ಸಿನ ಚಾಲಕನ ಹುದ್ದೆಗೆ ಎಲ್ಲ ಮುಗಿದು ವೈದ್ಯಕೀಯ ಪರೀಕ್ಷೆ ಒಂದೇ ಉಳಿದಿತ್ತು. ಅಲ್ಲಿ ಯಾವುದೋ ಪುಸ್ತಕ ತೆಗೆದು ತೋರಿಸಿದರಂತೆ, ಹಾಳೆಯ ತುಂಬ ಬಣ್ಣಬಣ್ಣದ ಚುಕ್ಕಿ. ಚುಕ್ಕಿಯೊಳಗೊಂದು ಅಂಕಿ ಇದೆ, ಓದು ಎಂದರಂತೆ.

"ಚುಕ್ಕಿ ಅಷ್ಟ ಕಾಣ್ತಾವ ಯವ್ವಾ. ಇಲ್ಲದ ಅಂಕಿ ಎಲ್ಲಿಂದ ತರ್ಲಿ?" ಎಂದು ಚಪ್ಪಲಿ ಬಿಡುತ್ತ ಹೇಳಿದ.

ನನಗೆ ಸಿಟ್ಟು ನೆತ್ತಿಗೇರಿತು. ನನ್ನ ಮಗನದು ಹದ್ದಿನ ಕಣ್ಣು. ಅಕ್ಕಿ ಗಿರಣಿಯ ಟೆಂಪೋ ತಗೊಂಡು ಹಾನಗಲ್ಲು, ಶಿಗ್ಗಾಂವಿ, ಸವಣೂರು ಎಂದು ದಿನಾ ತಿರುಗುತ್ತಾನೆ. ಇಂದಿನವರೆಗೆ ಒಂದು ಕೋಳಿಮರಿಯ ಮೇಲೂ ಗಾಲಿ ಹಾಯಿಸಿಲ್ಲ. ಆ ಪುಸ್ತಕವೇ ಕೆಟ್ಟಿರಬೇಕು ಎಂದುಕೊಂಡು ಅಂಗನವಾಡಿಯ ಬಣ್ಣದ ಕಡ್ಡಿಗಳನ್ನು ತಂದು ಅವನ ಮುಂದೆ ಸುರಿದೆ. ಕಡ್ಡಿಗೆ ಸುತ್ತಿದ ಕಾಗದಗಳನ್ನು ಮಕ್ಕಳು ಎಂದೋ ಕಿತ್ತು ಹಾಕಿವೆ. ಕಂದು ಕಡ್ಡಿ ಎತ್ತಿ ಹಸಿರು ಎಂದ. ಹಸಿರನ್ನು ಎತ್ತಿ, ಬಹಳ ಹೊತ್ತು ನೋಡಿ, ಕಂದು ಎಂದ.

"ಮತ್ತ ಹುಬ್ಬಳ್ಳಿ ಸಿಗ್ನಲ್ಲಿನಾಗ ಏನ್ ಮಾಡ್ತೀಯೋ?"

"ಮ್ಯಾಲಿಂದು ಹತ್ತಿದ್ರ ನಿಲ್ಲೂದು, ಕೆಳಗಿಂದು ಹತ್ತಿದ್ರ ಹೊಂಡೂದು. ಅದಕ್ಕ ಬಣ್ಣ ಯಾಕ ಬೇಕು?"

ಊರಿನ ಮಕ್ಕಳಿಗೆಲ್ಲ 'ಗಿಣಿ ಯಾವ ಬಣ್ಣ' ಎಂದು ಕೇಳಿ ಕೇಳಿ ಕಲಿಸಿದವಳು ನಾನು. ಇವನೂ ಅವರ ನಡುವೆ ಕೂತು 'ಹಸಿರು' ಎಂದು ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದ. ಬರೀ ಬಾಯಿಪಾಠ! ದಿನವೆಲ್ಲ ಇಲಾಖೆಗೆಂದು ಬರೆದು ಕೈ ನೋಯುತ್ತದೆ, ಆದರೂ ಇದನ್ನು ಬರೆಯದೆ ಇದ್ದರೆ ಹೊಟ್ಟೆಯೊಳಗಿನ ಬೆಂಕಿ ಆರುವುದಿಲ್ಲ.

೮ ಜೂನ್

ಅತ್ತೆ ದುರಗವ್ವನಿಗೆ ವಿಷಯ ತಿಳಿಯಿತು. ಅವರ ಕಿವಿಗೆ ಬಿದ್ದ ಮಾತು ಓಣಿಗೆ ಬಿದ್ದ ಹಾಗೆಯೇ. "ಕಾಮಾಲಿ ಕಣ್ಣಿಗೆ ಕಂಡದ್ದೆಲ್ಲಾ ಹಳದಿ ಅಂತ ಕೇಳಿದ್ದೆ. ಇಂವಂದು ಯಾವ ಕಾಮಾಲಿ?" ಎಂದರು. ಹುಲಗೇಶ ನಕ್ಕ. ನಾನು ನಗಲಿಲ್ಲ.

೧೪ ಜೂನ್

ಕಣ್ಣಿನ ಡಾಕ್ಟರ ಹತ್ತಿರ ಮಗನನ್ನು ನಾನೇ ಎಳೆದುಕೊಂಡು ಹೋದೆ. ಜಯಶ್ರೀ ಎಂದು ಹೆಸರು, ಸಣ್ಣ ವಯಸ್ಸಿನವರು, ಸಮಾಧಾನದವರು. ಮತ್ತೆ ಅದೇ ಚುಕ್ಕಿಯ ಪುಸ್ತಕ. ನನಗೆ ಅಂಕಿ ಢಾಳಾಗಿ ಕಾಣುತ್ತಿದೆ, ಪಕ್ಕದಲ್ಲಿ ಕೂತ ಮಗನಿಗೆ ಕಾಣುತ್ತಿಲ್ಲ. ಮೆಲ್ಲಗೆ ಹೇಳಿಕೊಡೋಣ ಎಂದು ಬಾಯಿ ತೆರೆದರೆ, "ಟೀಚರ್, ನೀವ ಕಾಪಿ ಹೊಡಸಾಕತ್ರಿ?" ಎಂದು ಡಾಕ್ಟರು ನಕ್ಕರು.

ಔಷಧ ಬರೆದುಕೊಡಿ ಎಂದೆ. ಇದಕ್ಕೆ ಔಷಧವಿಲ್ಲವಂತೆ. "ರೋಗ ಅಲ್ರಿ ಇದು. ಹೆಚ್ಚಾಗೂದಿಲ್ಲ, ಕಡಿಮಿನೂ ಆಗೂದಿಲ್ಲ. ಹುಟ್ಟಿದಾಗಿಂದ ಅವರಿಗೆ ಲೋಕ ಹಿಂಗ ಕಂಡೈತಿ. ನಮ್ಮ ಮೈ ಹೆಂಗ ಕಟ್ಟಬೇಕಂತ ಒಳಗ ಬರದಿಟ್ಟಿರತೈತ್ರಿ. ತಲಿಮಾರಿನಿಂದ ತಲಿಮಾರಿಗೆ ನಕಲ ಆಗೂ ಮುಂದ ಯಾವಾಗರ ಒಂದ ಅಕ್ಷರ ತಪ್ಪತೈತಿ. ಅದಕ್ಕ ನಾವು ಮ್ಯುಟೇಶನ್ ಅಂತೇವಿ."

ಮಕ್ಕಳು ಕಾಪಿ ಬರೆಯುವಾಗ ಒಂದು ಒತ್ತು ಬಿಟ್ಟರೆ, ಅದನ್ನು ನೋಡಿ ಬರೆದ ಮುಂದಿನವನೂ ಒತ್ತು ಬಿಡುತ್ತಾನಲ್ಲ, ಹಾಗೋ ಎಂದು ಕೇಳಿದೆ. ಡಾಕ್ಟರಿಗೆ ಖುಷಿಯಾಯಿತು. ಹಾಗೇ ಅಂತೆ. ತಪ್ಪಿದ್ದೆಲ್ಲ ಕೆಟ್ಟದ್ದೂ ಅಲ್ಲವಂತೆ; ಕೆಲವಕ್ಕೆ ಏನೂ ಆಗುವುದಿಲ್ಲ, ಕೆಲವು ಒಳ್ಳೆಯದೇ ಆಗುತ್ತವೆ.

ಆಮೇಲೆ ಹೇಳಿದ್ದು ನನಗೆ ನಾಟಿತು. "ಇದು ತಾಯಿ ಕಡಿಂದ ಬರೂದ್ರಿ. ಎಕ್ಸ್ ಅಂತ ಒಂದು ವರ್ಣತಂತು, ಅದರಾಗ ಕೂತಿರತೈತಿ. ಹೆಣ್ಣಮಕ್ಕಳಿಗೆ ಅವು ಎರಡು. ಒಂದ ತಪ್ಪಿದ್ರ ಇನ್ನೊಂದು ನಡಸಿಕೊಂಡ ಹೋಗತೈತಿ. ಗಂಡಸರಿಗೆ ಒಂದ. ಅದಕ್ಕ ನಿಮಗ ಬಣ್ಣ ಎಲ್ಲಾ ಕಾಣ್ತಾವ, ಮಗಗ ಕಾಣೂದಿಲ್ಲ. ನಿಮ್ಮ ಅಣ್ಣತಮ್ಮಂದಿರಿಗೆ ಯಾರಿಗರ ಹಿಂಗ ಐತೇನ್ರಿ?"

"ನನಗ ಅಣ್ಣತಮ್ಮ ಇಲ್ರಿ" ಎಂದೆ.

"ಮಾಸೂರ ಮಾಮಾ ಅದಾನಲ್ಲ ಯವ್ವಾ?" ಎಂದ ಮಗ. ಡಾಕ್ಟರು ನನ್ನ ಮುಖ ನೋಡಿ ಮುಂದೆ ಕೇಳಲಿಲ್ಲ.

ಹೌದು, ಮಾಸೂರಿನವನು ಒಬ್ಬ ಇದ್ದಾನೆ. ನನ್ನನ್ನು ಹೆತ್ತವಳೇ ಅವನನ್ನೂ ಹೆತ್ತಳು, ನನಗಿಂತ ಮೊದಲು. ಅವನ ಜೊತೆ ನಾನು ಮಾತು ಬಿಟ್ಟು ನನ್ನ ಮಗಳು ವಿದ್ಯಾಳಿಗೆ ಎಷ್ಟು ವಯಸ್ಸೋ ಅಷ್ಟು ವರ್ಷವಾಯಿತು.

೧೫ ಜೂನ್

ವಿದ್ಯಾ ಹೊಟ್ಟೆಯಲ್ಲಿದ್ದಾಗಿನ ಮಾತು. ಚೊಚ್ಚಲ ಬಸುರಿಗೆ ಮಾಡುವ ಕುಬಸದ ಶಾಸ್ತ್ರಕ್ಕೆ ತವರಿನಿಂದ ಹಸಿರು ಸೀರೆ, ಹಸಿರು ಬಳೆ ಬರಬೇಕು. ಅಪ್ಪ ತೀರಿಕೊಂಡಿದ್ದರಿಂದ ಮಾಸೂರಿನವನೇ ತಂದ. ಓಣಿಯ ಹೆಂಗಸರೆಲ್ಲ ಸುತ್ತ ಕೂತಿದ್ದರು. ಗಂಟು ಬಿಚ್ಚಿದರೆ ಒಳಗೆ ಹುಣಸೆಹಣ್ಣಿನ ಬಣ್ಣದ ಸೀರೆ!

ಇದು ಹಸಿರಲ್ಲ ಎಂದೆ. "ಹಸರ ಐತಿ. ರಾಶಿಯೊಳಗ ನಾನ ಹುಡುಕಿ ಆರಿಸೇನಿ. ನಿಮ್ಮ ಕಣ್ಣಿಗೇನಾಗೈತಿ?" ಎಂದ. ಹೆಂಗಸರು ಸೆರಗಿನಲ್ಲಿ ನಕ್ಕರು. "ಹಸರ ಸೀರಿ ತರಾಕ ಆಗೂದಿಲ್ಲಂದ್ರ ಸುಮ್ನ ಬರಬೇಕಿತ್ತು, ಈ ಮೊಂಡವಾದ ಯಾಕ?" ಎಂದರು ಅತ್ತೆ. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಸೋವಿಯಲ್ಲಿ ಸಿಕ್ಕಿದ್ದನ್ನು ತಂದು, ಮೇಲೆ ಸುಳ್ಳು ಬೇರೆ ಹೇಳುತ್ತಾನೆ ಎಂದು ಒಳಗೆ ಹೋಗಿ ಅತ್ತೆಯ ಹಸಿರು ಸೀರೆ ಉಟ್ಟು ಬಂದು ಕೂತೆ. ಅವನು ಗಂಟು ಕಟ್ಟಿಕೊಂಡು, ಊಟ ಮಾಡದೆ ಎದ್ದು ಹೋದ. ಅವ್ವ ಸತ್ತಾಗ ಒಂದೇ ಅಂಗಳದಲ್ಲಿ ಆ ಮೂಲೆಗೆ ಅವನು, ಈ ಮೂಲೆಗೆ ನಾನು. ವಿದ್ಯಾಳ ಲಗ್ನಕ್ಕೂ ಅವನು ಬರಲಿಲ್ಲ. ನಾನು ಕರೆಯಲು ಹೋಗಿರಲೂ ಇಲ್ಲ, ಯಾರದೋ ಕೈಯಲ್ಲಿ ಪತ್ರಿಕೆ ಕಳಿಸಿದ್ದೆ.

ಇಂದು ರೊಟ್ಟಿ ಬಡಿಯುತ್ತಿದ್ದಾಗ ಕೈ ನಿಂತಿತು. ಮೊನ್ನೆ ಹುಲಗೇಶ ಕಂದು ಕಡ್ಡಿ ಎತ್ತಿ ಎಷ್ಟು ಧೈರ್ಯದಿಂದ ಹಸಿರು ಎಂದ! ಸುಳ್ಳು ಹೇಳುವವನ ಮುಖವಾಗಿರಲಿಲ್ಲ ಅದು. ಹಾಗಾದರೆ ಮಾಸೂರಿನವನು ಅವತ್ತು? ಹಂಚಿನ ಮೇಲೆ ರೊಟ್ಟಿ ಸೀದು ಹೋಯಿತು.

೧೬ ಜೂನ್

ಇಲ್ಲ. ಜಿಪುಣತನವೇ ಇರಬೇಕು.

೨೩ ಜೂನ್

ಮಳೆ ಚೆನ್ನಾಗಿ ಹಿಡಿದಿದೆ. ಭತ್ತದ ಸಸಿಮಡಿ ನೋಡಲು ಇವರ ಜೊತೆ ಹೊಲಕ್ಕೆ ಹೋಗಿದ್ದೆ. ನಮ್ಮ ಮನೆಯವರದು ಮಾತು ಕಡಿಮೆ, ಅವರ ಪಾಲಿನದನ್ನೂ ಸೇರಿಸಿ ನಾನೇ ಆಡುತ್ತೇನೆ. ಇಂದು ಅವರೇ ಕರೆದು ತೋರಿಸಿದರು. ಹಸಿರು ಸಸಿಗಳ ನಡುವೆ ಒಂದು ಸಸಿ ಬೆಳ್ಳಗೆ, ಸುಣ್ಣದ ಹಾಗೆ. ಬುಡದಿಂದ ತುದಿವರೆಗೆ ಹಸಿರಿನ ಸುಳಿವೇ ಇಲ್ಲ.

"ಎಲ್ಲೋ ಒಂದ ಬರತೈತಿ ಹಿಂಗ. ಅದೂ ಇದ ರಾಶಿ ಬೀಜ, ಇದ ನೀರು. ಕಾಳಿನಾಗಿನ ಅನ್ನ ಇರೂತನ ಬದಕತೈತಿ, ಆಮ್ಯಾಲೆ ಒಣಗತೈತಿ. ಹಸರ ಇಲ್ಲಂದ್ರ ಬಿಸಲ ಉಣ್ಣಾಕ ಬರೂದಿಲ್ಲ ಅದಕ್ಕ" ಎಂದರು. ಕೀಳಲು ಕೈ ಹಾಕಿದೆ. "ಇರಲಿ ಬಿಡ, ಇದ್ದಷ್ಟ ದಿನ ಇರಲಿ" ಎಂದರು.

ಡಾಕ್ಟರು ಹೇಳಿದ ಅಕ್ಷರದ ತಪ್ಪು ಇದೂ ಇರಬೇಕು. ಅದಕ್ಕೆ ಹಸಿರೇ ಇಲ್ಲ, ಸಾಯುತ್ತದೆ. ನನ್ನ ಮಗನಿಗೆ ಹಸಿರು ಕಾಣುವುದಷ್ಟೇ ಇಲ್ಲ. ಮೂರು ರೊಟ್ಟಿ ತಿನ್ನುತ್ತಾನೆ, ಗುನುಗುತ್ತಾನೆ, ಗಾಡಿ ಓಡಿಸುತ್ತಾನೆ. ಬದುವಿನ ಮೇಲೆ ಕೂತು ಸ್ವಲ್ಪ ಅತ್ತೆ. ಇವರು ನೋಡಿಯೂ ನೋಡದ ಹಾಗೆ ನೀರಿನ ಬಾಯಿ ಕಟ್ಟಲು ಹೋದರು. ಒಳ್ಳೆಯ ಮನುಷ್ಯ.

೧ ಜುಲೈ

ಸವಣೂರಿನಿಂದ ವಿದ್ಯಾಳ ಫೋನು. ಶ್ರಾವಣದಲ್ಲಿ ಕುಬಸವಂತೆ, ಅತ್ತೆಮನೆಯಲ್ಲೇ. ಅವಳ ಅತ್ತೆ ನೀಲಾಂಬಿಕಾ ಕೇಳಿದರಂತೆ, ಸೋದರಮಾವನ ಸೀರೆ ಬರುತ್ತದಲ್ಲ ಎಂದು. ಅವರ ಮನೆಯಲ್ಲಿ ಬಸುರಿ ಮೊದಲು ಉಡುವುದು ಸೋದರಮಾವನ ಸೀರೆಯಂತೆ.

"ಯವ್ವಾ, ಲಗ್ನದಾಗ ಮಾಮಾನ ಜಾಗಾದಾಗ ಯಾರನ್ನೋ ನಿಂದ್ರಿಸಿದ್ರಿ. ನಾ ಒಂದ ಮಾತ ಅನ್ನಲಿಲ್ಲ. ಕುಬಸಕ್ಕರ ಮಾಮಾನ್ನ ಕರಕೊಂಡ ಬಾ" ಎಂದಳು. ಬೇಡಿ ಗೊತ್ತಿಲ್ಲದ ಹುಡುಗಿ ಬೇಡಿದಳು. ನೋಡುತ್ತೇನೆ ಎಂದೆ. ಅವಳು ಹುಟ್ಟುವ ಮೊದಲಿನ ಜಗಳ, ಅದರ ಭಾರ ಅವಳ ತಲೆಗೆ ಯಾಕೆ?

ಅತ್ತೆ ಪಕ್ಕದಲ್ಲೇ ಕೂತು ಎಲ್ಲ ಕೇಳಿಸಿಕೊಂಡರು. "ತವರಮನಿಯಿಂದ ತೊಲಿ ಬಂಗಾರ ತರಲಿಲ್ಲ, ಮಗನ ಕಣ್ಣಿಗೆ ಇದನ್ನೊಂದ ತಂದಿ. ಅದನ್ನರ ಒಬ್ಬಾಕಿನ ಹೊತ್ತ ತಿರಗಬ್ಯಾಡ. ಅಂವಗೂ ಹೇಳ ಹೋಗು" ಎಂದರು. ಬೈದರೋ ಬುದ್ಧಿ ಹೇಳಿದರೋ, ಈ ಮುದುಕಿಯದು ಎಂದೂ ತಿಳಿಯುವುದಿಲ್ಲ.

ಮಾಸೂರಿನವರು ಈಗ ಹೇಗಿದ್ದಾರೋ. ಕೂದಲು ಬೆಳ್ಳಗಾಗಿರಬೇಕು.

೯ ಜುಲೈ

ಹೋಗಿ ಬಂದೆ. ಹಂಸಭಾವಿಗೆ ಅಕ್ಕಿ ಚೀಲ ಇಳಿಸುವುದಿದೆ, ಅಲ್ಲಿಂದ ಮಾಸೂರು ದೂರವೇ ಎಂದು ಹುಲಗೇಶ ಬೆಳಿಗ್ಗೆ ನನ್ನನ್ನು ಟೆಂಪೋ ಹತ್ತಿಸಿಬಿಟ್ಟ. ದಾರಿಯುದ್ದಕ್ಕೂ ಬೇಡ, ತಿರುಗಿಸು ಎನ್ನುತ್ತಲೇ ಇದ್ದೆ. ಅವನು ಹಾಡು ಹಚ್ಚಿ ಕೇಳಿಸದವನ ಹಾಗೆ ಓಡಿಸಿದ. ಮದಗದ ಕೆರೆ ಕಂಡ ಕೂಡಲೇ ನನ್ನ ಬಾಯಿ ತಾನಾಗಿ ಮುಚ್ಚಿತು.

ಮಾಸೂರಿನವನು, ಗುತ್ತೆಪ್ಪ, ಮನೆಯ ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ನನ್ನನ್ನು ನೋಡಿ ಹಗ್ಗದ ಕಡೆಗೇ ತಿರುಗಿದ. "ಏನೋ ಅಳಿಯಾ, ನಿಮ್ಮವ್ವ ಹಾದಿ ತಪ್ಪಿ ಬಂದಾಳೇನು?" ಎಂದ, ಹುಲಗೇಶನಿಗೆ. ಅವನ ಹೆಂಡತಿ, ವೈನಿ ಕರೆವ್ವ, ಒಳಗಿನಿಂದ ಓಡಿ ಬಂದು ನನ್ನ ಕೈ ಹಿಡಿದಳು, "ಬರ್ರಿ ಸುಶೀಲವ್ವಾರ, ಬರ್ರಿ ಕುಂದರ್ರಿ" ಎಂದು ಚಾಪೆ ಹಾಸಿದಳು. ಅವಳೂ ಮುದುಕಿಯಾಗಿದ್ದಾಳೆ. ನಾನೂ ಆಗಿರಬೇಕು.

ಏನು ಹೇಳಬೇಕೆಂದು ದಾರಿಯಲ್ಲಿ ಜೋಡಿಸಿಕೊಂಡಿದ್ದೆಲ್ಲ ಮರೆತು ಹೋಯಿತು. ಹುಲಗೇಶನೇ ಮೊಬೈಲು ತೆಗೆದು ಚುಕ್ಕಿಯ ಚಿತ್ರ ಹಿಡಿದ. "ಮಾಮಾ, ಇದರಾಗ ಏನ್ ಕಾಣತೈತಿ ಹೇಳು."

"ಚುಕ್ಕಿ ಅದಾವ. ಮತ್ತೇನು?"

"ಅಯ್ಯ, ಐದು ಐತಲ್ರೀ ಇಷ್ಟ ದೊಡ್ಡದು!" ಎಂದಳು ವೈನಿ, ಹಿಂದಿನಿಂದ ಇಣುಕಿ.

ಗುತ್ತೆಪ್ಪ ಹಗ್ಗ ಒಗೆದು ಎದ್ದುಬಿಟ್ಟ. ಮುಖ ಕೆಂಪಾಗಿತ್ತು. "ಇದಕ್ಕ ಬಂದ್ರೇನು? ಅವತ್ತ ಓಣಿ ಮಂದಿ ಮುಂದ ನಗಿಸಿದ್ದು ಸಾಕಾಗಿಲ್ಲೇನು, ಈಗ ಮನಿಗೆ ಬಂದು ನಗಸ್ತೀರಿ?"

"ಮಾಮಾ, ನನಗೂ ಐದು ಕಾಣೂದಿಲ್ಲ" ಎಂದ ಹುಲಗೇಶ. "ನನಗೂ ಚುಕ್ಕಿ ಅಷ್ಟ. ಅದಕ್ಕ ಬಸ್ಸಿನ ನೌಕರಿ ಹೋತು."

ಗುತ್ತೆಪ್ಪಣ್ಣ ನಿಂತಲ್ಲೇ ನಿಂತ. ನಾನು ಡಾಕ್ಟರು ಹೇಳಿದ್ದನ್ನು ಮಕ್ಕಳಿಗೆ ಪಾಠ ಮಾಡುವ ಹಾಗೆ ಹೇಳಿದೆ. ಅವ್ವನಿಂದ ಅವನಿಗೆ ಬಂದದ್ದು, ಅವ್ವನಿಂದ ನನಗೆ, ನನ್ನಿಂದ ಇವನಿಗೆ. ನನ್ನಲ್ಲಿ ಅಡಗಿ ಕೂತಿತ್ತು, ಇವರಿಬ್ಬರಲ್ಲಿ ಹೊರಗೆ ಬಂತು. "ಅದಕ್ಕ ನೋಡ್ರಿ!" ಎಂದು ವೈನಿ ಹಣೆ ಚಚ್ಚಿಕೊಂಡಳು. "ಟೊಮೇಟೊ ಒತ್ತಿ ಒತ್ತಿ ನೋಡಿ ಹಣ್ಣೋ ಕಾಯೋ ಹೇಳತಾರ. ನಾ ಇವರಿಗೆ ಸೊಕ್ಕು ಅಂದಕೊಂಡಿದ್ದೆ."

ಅವನು ಒಳಗೆ ಹೋದ. ಒಂದು ಹಳೆಯ ಕೌದಿ ತಂದು ಹುಲಗೇಶನ ಮುಂದೆ ಬಿಚ್ಚಿದ. ನೂರೆಂಟು ತುಂಡಿನ ಕೌದಿ. ನಡುವೆ ಒಂದು ಅಗಲದ ತುಂಡಿನ ಮೇಲೆ ಬೆರಳಿಟ್ಟ. ನನಗೆ ನೋಡಿದ ಕೂಡಲೇ ಗುರುತು ಸಿಕ್ಕಿತು, ಅದೇ ಹುಣಸೆಹಣ್ಣಿನ ಬಣ್ಣ.

"ಇದು ಯಾವ ಬಣ್ಣ, ಹೇಳ್ ಅಳಿಯಾ."

ಹುಲಗೇಶ ಬಗ್ಗಿ ನೋಡಿದ. "ಹಸರು, ಮಾಮಾ."

"ಇನ್ನೊಮ್ಮೆ ಹೇಳು."

"ಹಸರು."

ಗುತ್ತೆಪ್ಪಣ್ಣ ಕಟ್ಟೆಯ ಮೇಲೆ ಕುಸಿದು ಕೂತು, ಹೆಗಲ ಮೇಲಿನ ಟವೆಲಿನಲ್ಲಿ ಮುಖ ಮುಚ್ಚಿಕೊಂಡ. ಹುಲಗೇಶ ಪಕ್ಕದಲ್ಲಿ ಕೂತು ಅವನ ಬೆನ್ನಿನ ಮೇಲೆ ಕೈಯಿಟ್ಟ. ನಾನು ಸೆರಗು ಕಚ್ಚಿಕೊಂಡೆ. ಎಲ್ಲ ತಿಳಿಯಿತು, ಇನ್ನೇನು ಜಗಳ ಮುಗಿಯಿತು ಎಂದುಕೊಂಡೆ. ಆದರೆ ಮುಖ ಒರೆಸಿಕೊಂಡು ಅವನು ಮೊದಲ ಬಾರಿ ನನ್ನ ಕಡೆ ತಿರುಗಿದ.

"ಬಣ್ಣದ ಮಾತ ಹೋಗಲಿ ಸುಶೀ. ಅದು ಕಂದ ಇತ್ತು, ನಾ ತಪ್ಪಿದೆ, ಆತು. ಅಣ್ಣ ತಂದಾನಂತ ಒಂದ ತಾಸರ ಉಡಬಹುದಿತ್ತಲ್ಲವಾ?"

ವೈನಿ ಊಟಕ್ಕೆ ಎಬ್ಬಿಸಿದಳು. ಹೊರಡುವಾಗ ಅಂಗಳದಲ್ಲಿ ನಿಂತು, ವಿದ್ಯಾಳ ಕುಬಸಕ್ಕೆ ಬಾ ಎಂದೆ. "ನೋಡೂನು" ಎಂದ.

೧೦ ಜುಲೈ

ಉಡಬಹುದಿತ್ತು.

೨೮ ಜುಲೈ

ನಾಟಿ ಮುಗಿಯಿತು. ಹುಲಗೇಶನ ಸಪ್ಪೆ ಮುಖ ತಿಳಿಯಾಗುತ್ತ ಬಂದಿದೆ. ಗಿರಣಿ ಮಾಲೀಕ ನಿಯಾಜಸಾಹೇಬರಿಗೆ ತನ್ನ ಕಣ್ಣಿನ ವಿಷಯ ತಾನೇ ಹೇಳಿದನಂತೆ. ಅವರು, "ಅಕ್ಕಿ ಬೆಳ್ಳಗ ಕಾಣತೈತಿಲ್ಲೋ? ಸಾಕು, ಗಾಡಿ ತೆಗಿ" ಎಂದರಂತೆ. ಬಸ್ಸಿನ ಕಂಡಕ್ಟರ್ ಹುದ್ದೆ ಕರೆದರೆ ಅರ್ಜಿ ಹಾಕುತ್ತೇನೆ ಎನ್ನುತ್ತಾನೆ.

ಈಗ ಅವನಿಗೂ ಅಣ್ಣನಿಗೂ ದಿನಾ ಫೋನು. ಜಗತ್ತಿನಲ್ಲಿ ಇಬ್ಬರೇ ಹುಟ್ಟಿದವರ ಹಾಗೆ. "ಮಾಮಾ, ಮೆಹಂದಿ ಹಚ್ಚಿದ ಕೈ ನಿನಗ ಹೆಂಗ ಕಾಣತೈತಿ?" "ದಾಸವಾಳ ಗಿಡದಾಗ ಹೂ ಎಲ್ಲಿ ಐತಂತ ದೂರಿಂದ ತಿಳಿತೈತೇನು?" ಎಂದು ಒಬ್ಬರನ್ನೊಬ್ಬರು ಕೇಳುತ್ತಾರೆ, ಗಹಗಹಿಸಿ ನಗುತ್ತಾರೆ. ಅಣ್ಣ ಇಷ್ಟು ನಗುತ್ತಿದ್ದನೆಂದು ನನಗೆ ನೆನಪೇ ಇರಲಿಲ್ಲ.

ಡಾಕ್ಟರಿಗೆ ಫೋನು ಮಾಡಿದೆ. ವಿದ್ಯಾಳಲ್ಲೂ ಇದು ಅಡಗಿರಬಹುದು, ಇರದೆಯೂ ಇರಬಹುದು, ನಾಣ್ಯ ಚಿಮ್ಮಿದ ಹಾಗೆ ಎಂದರು. ಅವಳಿಗೆ ಎಲ್ಲ ಬಿಡಿಸಿ ಹೇಳಿದೆ. "ಗಂಡು ಹುಟ್ಟಿ ಹಂಗಾದ್ರ ಮಾಮಾನ ಕಡೆ ಇನ್ನೊಬ್ಬ ಆದ" ಎಂದಳು. ಕುಬಸಕ್ಕೆ ಅಣ್ಣ ಬರುತ್ತಾನೋ ಇಲ್ಲವೋ ಮಾತ್ರ ಇನ್ನೂ ಹೇಳಿಲ್ಲ. ಕೇಳಿದರೆ ನೋಡೂನು ಎನ್ನುತ್ತಾನಂತೆ.

೧೨ ಆಗಸ್ಟ್, ಸವಣೂರು

ಎಲ್ಲರೂ ಮಲಗಿದ್ದಾರೆ, ಬೀಗರ ಮನೆಯ ಪಡಸಾಲೆಯಲ್ಲಿ ಕೂತು ಬರೆಯುತ್ತಿದ್ದೇನೆ.

ಅಣ್ಣ ಬಂದ. ಹಾಲುಗಂಬಳಿ ಹಾಸಿ ವಿದ್ಯಾಳನ್ನು ಕೂರಿಸುವ ಹೊತ್ತಿಗೆ ಸರಿಯಾಗಿ, ತಲೆಗೆ ಬಿಳಿ ಪಟಕ ಸುತ್ತಿಕೊಂಡು, ಬಗಲಲ್ಲಿ ಗಂಟು ಹಿಡಿದು ಬಂದ. ನನ್ನ ಎದೆ ಹಗುರಾಯಿತು. ಅಷ್ಟರಲ್ಲಿ ವೈನಿ ನನ್ನ ಕಿವಿಯಲ್ಲಿ, "ನಾನೂ ಅಂಗಡಿಗೆ ಬರ್ತೇನಿ ಅಂದ್ರ ಕೇಳಲಿಲ್ರೀ. ಯಾರ್ನೂ ಕೇಳೂದಿಲ್ಲ, ನಾನ ಆರಸಾಂವ ಅಂತ ಒಬ್ಬರ ಹೋಗಿ ತಂದಾರ" ಎಂದಳು. ನಾನು ಗಂಟಿನ ಕಡೆಗೇ ನೋಡುತ್ತ ಕೂತೆ.

ಗಂಟು ಬಿಚ್ಚಿದರು. ರೇಷ್ಮೆಯಂಥ ನುಣುಪು ಸೀರೆ, ಅಗಲವಾದ ಅಂಚು. ಬಣ್ಣ ಮಾತ್ರ ಹದವಾಗಿ ಕಾಸಿದ ಬೆಲ್ಲದ್ದು.

ಹಾಡು ಹೇಳುತ್ತಿದ್ದ ಹೆಂಗಸರು ಸುಮ್ಮನಾದರು. ನೀಲಾಂಬಿಕಾ ಸೀರೆಯನ್ನು ಎತ್ತಿ, ಬೆಳಕಿಗೆ ಹಿಡಿದು, "ಇದೇನ್ರಿ ಬೀಗರ, ಕುಬಸಕ್ಕ ಹಸರ ಸೀರಿ ತರೂದಲ್ಲೇನ್ರಿ?" ಎಂದರು. ಅಣ್ಣನ ಮುಖ ಬಿಳಿಚಿತು. ವೈನಿ ತಲೆ ತಗ್ಗಿಸಿದಳು. ಹುಲಗೇಶ ಬಾಯಿ ತೆರೆಯುವುದನ್ನು ನೋಡಿದೆ, ನನ್ನ ಅತ್ತೆ ಗಂಟಲು ಸರಿ ಮಾಡಿಕೊಳ್ಳುವುದನ್ನೂ ಕೇಳಿದೆ. ಯಾರಿಗೂ ಮಾತಾಡಲು ಬಿಡಲಿಲ್ಲ.

"ಬೀಗರ, ಇಷ್ಟ ವರ್ಷದಿಂದ ಅಂಗನವಾಡಿಯೊಳಗ ಹುಡುಗರಿಗೆ ಬಣ್ಣ ಕಲಸಾಕತ್ತೇನಿ. ನನಗ ತಿಳಿಯೂದಿಲ್ಲೇನ್ರಿ? ಹಸರ ಐತಿ ಅದು. ಏಳ ವಿದ್ಯಾ, ಉಟಗೊಂಡ ಬಾ."

ವಿದ್ಯಾ ನನ್ನ ಮುಖ ನೋಡಿದಳು, ಮಾಮನ ಮುಖ ನೋಡಿದಳು. ಎದ್ದು ಒಳಗೆ ಹೋಗಿ ಉಟ್ಟುಕೊಂಡು ಬಂದು ಕೂತಳು. ಹಸಿರು ಬಳೆ ತೊಡಿಸಿದೆವು, ಉಡಿ ತುಂಬಿದೆವು. ಅಣ್ಣ ಎರಡು ಸಲ ಹೋಳಿಗೆ ನೀಡಿಸಿಕೊಂಡು ಉಂಡ.

ಸಂಜೆ ಪಾತ್ರೆ ತೊಳೆಯುವಾಗ ನೀಲಾಂಬಿಕಾ ಮೆಲ್ಲಗೆ ಪಕ್ಕಕ್ಕೆ ಬಂದು ನಿಂತರು. "ಖರೇ ಹೇಳ್ರಿ ಟೀಚರ್, ಯಾರಿಗೂ ಹೇಳೂದಿಲ್ಲ. ಅದು ಹಸರೇನ್ರಿ?"

"ಹೌದ್ರಿ" ಎಂದೆ. "ನಮ್ಮ ಮಾಸೂರಾಗ ಅದಕ್ಕ ಹಸರು ಅಂತೇವಿ."